ನೋವು, ವಿದ್ಯುತ್ತು ಮತ್ತು ವಿವೇಕ

ಕಣ್ಣಿಗೆ ಕಾಣುವ ಗಾಯಕ್ಕೆ ಮರುಗುವವರು ಬಹು ಮಂದಿ. ಕಾಣದ ನೋವಿಗೆ ಮರುಗುವವರು ವಿರಳ. ಕಾಲು ಮುರಿದವನಿಗೆ ಮನೆಮಂದಿಯೆಲ್ಲ ಉಪಚಾರ ಮಾಡುತ್ತಾರೆ. ಗಾಯ ಮಾಯ್ದ ಮೇಲೂ ವರ್ಷಗಟ್ಟಲೆ ಸೊಂಟ, ಕಾಲುಗಳ ನೋವಿನಿಂದ ನರಳುವವನಿಗಾದರೋ ಮೈಗಳ್ಳನೆಂಬ ಹೆಸರು ಅಂಟುತ್ತದೆ. ಮೂರು ತಿಂಗಳಿಗೂ ಮೀರಿ ಉಳಿಯುವ ಇಂಥ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಕರೆಯುತ್ತದೆ. ಅದನ್ನು ಶಮನಗೊಳಿಸಲು ಬೆನ್ನುಹುರಿಗೆ ಮಿತವಾದ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯೊಂದು ಅರ್ಧ ಶತಮಾನಕ್ಕೂ ಮಿಕ್ಕಿ ಬಳಕೆಯಲ್ಲಿದೆ. ಆ ಚಿಕಿತ್ಸೆಯ ಇತಿಹಾಸವು ಎರಡು ಪಾಠಗಳನ್ನು ಕಲಿಸುತ್ತದೆ: ನೋಯುವವನ ಮಾತನ್ನು ನಂಬಬೇಕು, ನೋವನ್ನು ಕಳೆಯುವುದೆಂದು ಹೇಳಲಾಗುವ ಯಂತ್ರವನ್ನು ಪರೀಕ್ಷಿಸಬೇಕು.

ವಿದ್ಯುತ್ತಿನಿಂದ ನೋವನ್ನು ತಗ್ಗಿಸುವ ಯತ್ನವು ಇಂದು ನಿನ್ನೆಯದಲ್ಲ. ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೂ ಪಾದದ ಸಂಧಿವಾತಕ್ಕೂ ವಿದ್ಯುತ್ ಸೂಸುವ ಟಾರ್ಪಿಡೋ ಮೀನನ್ನು ಮೈಗೆ ತಾಗಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಆದರೆ ಈ ಯತ್ನಕ್ಕೆ ಶಾಸ್ತ್ರೀಯ ತಳಹದಿ ದೊರೆತುದು 1965ರಲ್ಲಿ. ಆ ವರ್ಷ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ‘ದ್ವಾರ ನಿಯಂತ್ರಣ’ ಸಿದ್ಧಾಂತವನ್ನು ಪ್ರಕಟಿಸಿದರು. ಎಡವಿ ಬಿದ್ದ ಮಗು ಕೂಡಲೇ ಮೊಣಕಾಲನ್ನು ಉಜ್ಜಿಕೊಳ್ಳುತ್ತದೆ. ನೋವು ಕೊಂಚ ಇಳಿಯುತ್ತದೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವಿನ ಸುದ್ದಿಯನ್ನು ಒಯ್ಯುವ ಸಣ್ಣ ತಂತುಗಳಿಗೆ ಬೆನ್ನುಹುರಿಯಲ್ಲಿ ಬಾಗಿಲು ಅರೆ ಮುಚ್ಚಿದಂತಾಗುತ್ತದೆ ಎಂಬುದೇ ಆ ಸಿದ್ಧಾಂತದ ಸಾರ. ಮುಂದಿನ ಸಂಶೋಧನೆ ಇದರ ವಿವರಗಳನ್ನು ಬಹುಮಟ್ಟಿಗೆ ತಿದ್ದಿದೆಯಾದರೂ, ಅದು ತೆರೆದ ದಾರಿ ಮುಚ್ಚಲಿಲ್ಲ. 1967ರಲ್ಲಿ ಅಮೆರಿಕದ ಶಸ್ತ್ರವೈದ್ಯ ನಾರ್ಮನ್ ಶೀಲಿ, ಕ್ಯಾನ್ಸರಿನ ನೋವಿನಿಂದ ಬಳಲುತ್ತಿದ್ದ ರೋಗಿಯೊಬ್ಬನ ಬೆನ್ನುಹುರಿಯ ಹಿಂಬದಿಗೆ ವಿದ್ಯುದಗ್ರವನ್ನು ಅಳವಡಿಸಿ ಈ ಚಿಕಿತ್ಸೆಗೆ ನಾಂದಿ ಹಾಡಿದನು.

ಇಂದಿನ ವಿಧಾನದಲ್ಲಿ ತೆಳುವಾದ ತಂತಿಗಳನ್ನು ಬೆನ್ನುಹುರಿಯ ಹೊರಪೊರೆಯ ಮೇಲಣ ಅವಕಾಶದಲ್ಲಿ ಇರಿಸುತ್ತಾರೆ. ಅವಕ್ಕೆ ವಿದ್ಯುತ್ತನ್ನು ಒದಗಿಸುವ ಬ್ಯಾಟರಿಯುಳ್ಳ ಪುಟ್ಟ ಯಂತ್ರವನ್ನು ಹೊಟ್ಟೆಯ ಅಥವಾ ಪೃಷ್ಠದ ಚರ್ಮದಡಿ ಹುದುಗಿಸುತ್ತಾರೆ. ಹಳೆಯ ಕ್ರಮದಲ್ಲಿ ನೋವಿನ ಜಾಗದಲ್ಲಿ ಜುಮುಜುಮು ಅನುಭವವಾಗುತ್ತದೆ. ಸೆಕೆಂಡಿಗೆ 10,000 ಮಿಡಿತಗಳ ಹೊಸ ಕ್ರಮದಲ್ಲಿ ಅದೂ ಇರುವುದಿಲ್ಲ. ಯಂತ್ರವನ್ನು ಶಾಶ್ವತವಾಗಿ ಹುದುಗಿಸುವ ಮುನ್ನ ಕೆಲವು ದಿನಗಳ ಕಾಲ ತಂತಿಗಳನ್ನಷ್ಟೇ ಇರಿಸಿ, ಯಂತ್ರವನ್ನು ಹೊರಗೇ ಇಟ್ಟು ನೋಡುವುದು ವಾಡಿಕೆ. ನೋವು ಅರ್ಧದಷ್ಟಾದರೂ ಇಳಿಯಿತೆಂದು ರೋಗಿ ಹೇಳಿದರೆ ಮಾತ್ರ ಸಾಮಾನ್ಯವಾಗಿ ಮುಂದಿನ ಹೆಜ್ಜೆ. ಎಷ್ಟೇ ಸೂಕ್ಷ್ಮವಾದ ಯಂತ್ರವಾದರೂ ಕಡೆಗೆ ನೋಯುವವನ ಮಾತಿಗೇ ಕಿವಿಗೊಡಬೇಕಾಯಿತೆಂಬುದು ಗಮನಾರ್ಹ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವುಂಟೆಂದು ಹೇಳುವವನ ಮಾತನ್ನು ಗೌರವಿಸಬೇಕೆಂಬ ತತ್ತ್ವವನ್ನು ಸ್ಪಷ್ಟವಾಗಿ ಸೇರಿಸಿತು.

ಇನ್ನು ಎರಡನೆಯ ಪಾಠ. 2007ರಲ್ಲಿ ಕೆನಡಾದ ಕೃಷ್ಣ ಕುಮಾರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನಿನ ಶಸ್ತ್ರಚಿಕಿತ್ಸೆಯ ಬಳಿಕವೂ ಕಾಲುನೋವು ಉಳಿದಿದ್ದ 100 ರೋಗಿಗಳಿದ್ದರು. ಆರು ತಿಂಗಳಲ್ಲಿ ನೋವು ಅರ್ಧಕ್ಕೆ ಇಳಿದವರು ಈ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 48. ಬರಿಯ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 9. ಫಲಿತಾಂಶ ಆಶಾದಾಯಕವೇ ಸರಿ. ಆದರೆ ಯಾರಿಗೆ ಯಾವ ಚಿಕಿತ್ಸೆಯೆಂಬುದು ಎಲ್ಲರಿಗೂ ತಿಳಿದಿತ್ತು. ಯಂತ್ರದ ಮೇಲಣ ಭರವಸೆಯೇ ಎಷ್ಟು ನೋವನ್ನು ಇಳಿಸಿತೆಂಬುದನ್ನು ಬೇರ್ಪಡಿಸುವಂತಿರಲಿಲ್ಲ. ಆ ಪ್ರಶ್ನೆಯನ್ನೇ ಹಿಡಿದು ನಾರ್ವೆಯ ವೈದ್ಯರು 50 ರೋಗಿಗಳಲ್ಲಿ, ಅವರಿಗೆ ಅರಿವಾಗದಂತೆ, ಯಂತ್ರವನ್ನು ಕೆಲಕಾಲ ನಡೆಸಿ ಕೆಲಕಾಲ ನಿಲ್ಲಿಸಿ ನೋಡಿದರು. ಎರಡು ಅವಧಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2022ರಲ್ಲಿ ವರದಿ ಮಾಡಿದರು. ಅಲ್ಲಿ ಬಳಸಿದ ವಿದ್ಯುತ್ ಕ್ರಮವೇ ತಕ್ಕುದಲ್ಲವೆಂದು ಕೆಲವು ತಜ್ಞರು ಆಕ್ಷೇಪಿಸಿದ್ದಾರೆ. ಚರ್ಚೆ ಮುಗಿದಿಲ್ಲ.

ಚರ್ಚೆ ಮುಗಿಯದಿರುವಾಗ ಚಿಕಿತ್ಸೆಯನ್ನು ತಿರಸ್ಕರಿಸುವುದೂ ತಪ್ಪು, ಕಣ್ಣು ಮುಚ್ಚಿ ಒಪ್ಪುವುದೂ ತಪ್ಪು. ಯಂತ್ರ ಬಹು ದುಬಾರಿ; ತಂತಿ ಸರಿದೀತು, ಸೋಂಕು ತಗಲೀತು, ವರ್ಷಗಳು ಕಳೆದಂತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದೀತು. ಹೊಲ ಮಾರಿ ಚಿಕಿತ್ಸೆಗೆ ಹೊರಡುವ ಕುಟುಂಬಕ್ಕೆ ಇವೆಲ್ಲವನ್ನೂ ಮೊದಲೇ ತಿಳಿಸುವುದು ವೈದ್ಯನ ಕರ್ತವ್ಯ. ಅಂಥ ಕುಟುಂಬಕ್ಕೆ ನೆರವಾಗುವ ದಾನಿಗಳು ಕೂಡ ಮೂರು ಪ್ರಶ್ನೆಗಳನ್ನು ಕೇಳಬೇಕು. ಸಾಮಾನ್ಯ ಚಿಕಿತ್ಸೆಗಳನ್ನು ಸಾಕಷ್ಟು ಕಾಲ ಮಾಡಿ ನೋಡಿದ್ದಾರೆಯೇ? ನೋವು ನರಸಂಬಂಧಿಯೆಂದು ತಜ್ಞರ ತಂಡವು ನಿರ್ಧರಿಸಿದೆಯೇ? ತಾತ್ಕಾಲಿಕ ಪರೀಕ್ಷೆಯಲ್ಲಿ ಗುಣ ಕಂಡಿದೆಯೇ? ಬ್ರಿಟನ್ನಿನ ನೈಸ್ ಸಂಸ್ಥೆಯು 2008ರಲ್ಲಿ ಈ ಚಿಕಿತ್ಸೆಗೆ ಸಮ್ಮತಿಯಿತ್ತಾಗ ವಿಧಿಸಿದ ಷರತ್ತುಗಳು ಹೆಚ್ಚುಕಡಿಮೆ ಇವೇ. ದಾನವು ಸತ್ಪಾತ್ರಕ್ಕೆ ಸಲ್ಲಬೇಕೆಂಬ ಹಿರಿಯರ ಮಾತು ಯಂತ್ರಕ್ಕೂ ಅನ್ವಯಿಸುತ್ತದೆ.

ಆದರೆ ಯಂತ್ರವು ಎಲ್ಲರಿಗೂ ಎಟುಕದು. ಎಟುಕಿದರೂ ಎಲ್ಲರಿಗೂ ಫಲಿಸದು. ನೋಯುವವನ ಮಾತನ್ನು ನಂಬುವುದಕ್ಕಾದರೋ ಹಣ ಬೇಕಿಲ್ಲ, ಶಸ್ತ್ರಚಿಕಿತ್ಸೆ ಬೇಕಿಲ್ಲ. ತರಗತಿಯಲ್ಲಿ ತಲೆನೋವೆಂದು ಮತ್ತೆ ಮತ್ತೆ ಹೇಳುವ ಬಾಲಕನನ್ನು ನೆಪಗಾರನೆಂದು ಗದರುವ ಮೊದಲು ಉಪಾಧ್ಯಾಯರು ಒಂದು ಗಳಿಗೆ ಅವನ ಮಾತನ್ನು ಕೇಳಿದರೆ, ಮನೆಯ ಮೂಲೆಯಲ್ಲಿ ನರಳುವ ಹಿರಿಯರ ಬಳಿ ಮಕ್ಕಳು ಅರ್ಧ ತಾಸು ಕುಳಿತರೆ, ಅದರಿಂದ ನೋವು ಪೂರ್ತಿ ಮಾಯವಾಗದಿರಬಹುದು. ಆದರೆ ನೋವಿನೊಂದಿಗೆ ಬೆರೆತ ಒಂಟಿತನ ಮತ್ತು ಅವಮಾನಗಳಾದರೂ ನೀಗುತ್ತವೆ. ಬೆನ್ನುಹುರಿಯ ಬಾಗಿಲನ್ನು ಮುಚ್ಚುವ ವಿದ್ಯೆ ಇನ್ನೂ ಪಕ್ವವಾಗಬೇಕಿದೆ. ಅದಕ್ಕೆ ಮುನ್ನ ಮನಸ್ಸಿನ ಬಾಗಿಲು ತೆರೆಯಲಿ.