ಕೂಸು ಹುಟ್ಟುವ ಮುನ್ನ ಕುಲಾವಿ

ಯುಗಾದಿಯ ದಿನ ಪಂಚಾಂಗ ಶ್ರವಣ ಮುಗಿದ ಮೇಲೆ ಮನೆಯ ಜಗಲಿಯಲ್ಲಿ ಒಂದು ಚರ್ಚೆ ನಡೆಯುವುದುಂಟು. ಈ ವರ್ಷ ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನು ಕೇಳಿದವರಲ್ಲಿ ಅರ್ಧ ಮಂದಿ ತಲೆದೂಗುವರು. ಉಳಿದ ಅರ್ಧ ಮಂದಿ, “ಹೋದ ವರ್ಷವೂ ಹೀಗೆಯೇ ಹೇಳಿದ್ದರಲ್ಲ!” ಎಂದು ನಗುವರು. ಆದರೆ ಶ್ರವಣವನ್ನು ತಪ್ಪಿಸಿಕೊಳ್ಳುವವರು ಮಾತ್ರ ಎರಡು ಕಡೆಯಲ್ಲೂ ಇಲ್ಲ.

ಫುಟ್‌ಬಾಲ್ ಜಗತ್ತಿಗೂ ಇಂಥದೊಂದು ಯುಗಾದಿ ಉಂಟು. ಅದು ಬರುವುದು ನಾಲ್ಕು ವರ್ಷಗಳಿಗೊಮ್ಮೆ. ವಿಶ್ವಕಪ್ ಪಂದ್ಯಾವಳಿಗೆ ಕೆಲವು ತಿಂಗಳು ಮೊದಲು ಚೀಟಿ ಎತ್ತಿ, ತಂಡಗಳನ್ನು ನಾಲ್ಕು ನಾಲ್ಕರ ಗುಂಪುಗಳಾಗಿ ಹಂಚುತ್ತಾರೆ. ಮರುದಿನ ಬೆಳಗಾಗುವುದರೊಳಗೆ ಪತ್ರಿಕೆಗಳು ಪಂಚಾಂಗ ಬಿಡಿಸಿ ಕುಳಿತಿರುತ್ತವೆ. ಯಾವ ತಂಡಕ್ಕೆ ಗುರುಬಲ, ಯಾವುದಕ್ಕೆ ಶನಿಕಾಟ ಎಂಬುದೆಲ್ಲ ಅಚ್ಚಾಗಿಹೋಗುತ್ತದೆ. ಅಲ್ಲಿಂದ ಮೊದಲ ಪಂದ್ಯದ ಸೀಟಿ ಊದುವವರೆಗೆ ಅಭಿಮಾನಿಗಳಿಗೆ ವಾದ ಮಾಡುವುದೇ ಕೆಲಸ.

ಈ ವಾದದ ರುಚಿಯನ್ನು ಇಂಗ್ಲೆಂಡಿನವರಷ್ಟು ಕಂಡವರು ವಿರಳ. ಅದರ ಬೆಲೆಯನ್ನು ತೆತ್ತವರೂ ಅವರೇ.

2009ನೆಯ ಇಸವಿಯ ಡಿಸೆಂಬರ್ 4ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಚೀಟಿ ಎತ್ತಿದಾಗ ಇಂಗ್ಲೆಂಡಿನ ಪಾಲಿಗೆ ಅಲ್ಜೀರಿಯ, ಸ್ಲೊವೇನಿಯ ಮತ್ತು ಅಮೆರಿಕ ಬಂದುವು. ಲಂಡನ್ನಿನ ‘ಸನ್’ ಪತ್ರಿಕೆ ಮರುದಿನ ತನ್ನ ಮುಖಪುಟದಲ್ಲಿ ಈ ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಜೋಡಿಸಿತು. ಅಮೆರಿಕದವರನ್ನು ‘ಯಾಂಕ್ಸ್’ ಎಂಬ ಅಡ್ಡಹೆಸರಿನಿಂದ ಕರೆದದ್ದರಿಂದ, ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ‘ಈಸಿ’ ಎಂಬ ಇಂಗ್ಲಿಷ್ ಪದವಾಗುತ್ತಿತ್ತು. ಅಂದರೆ, ಸುಲಭ! ಕೂಸು ಹುಟ್ಟುವುದಕ್ಕೆ ಮುಂಚೆಯೇ ಕುಲಾವಿ ಹೊಲಿದಾಗಿತ್ತು.

2010ರ ಜೂನ್ 12ರಂದು ಅಮೆರಿಕದ ಎದುರು ಆಡಿದ ಮೊದಲ ಪಂದ್ಯದಲ್ಲಿ ನಾಯಕ ಸ್ಟೀವನ್ ಜೆರಾರ್ಡ್ ನಾಲ್ಕನೆಯ ನಿಮಿಷದಲ್ಲಿಯೇ ಗೋಲು ಹೊಡೆದ. ‘ಸುಲಭ’ವೆಂದವರ ಎದೆ ಉಬ್ಬಿತು. ಆದರೆ ವಿರಾಮಕ್ಕೆ ಮುನ್ನ ಕ್ಲಿಂಟ್ ಡೆಂಪ್ಸಿ ಒದ್ದ ಸಾಧಾರಣವಾದೊಂದು ಚೆಂಡು ಗೋಲ್‌ಕೀಪರ್ ರಾಬರ್ಟ್ ಗ್ರೀನನ ಕೈಯಿಂದ ಜಾರಿ, ಉರುಳುರುಳುತ್ತ ಗೆರೆ ದಾಟಿತು. ಪಂದ್ಯ ಸಮವಾಯಿತು. ಅಲ್ಜೀರಿಯದ ಎದುರು ಒಂದು ಗೋಲೂ ಬರಲಿಲ್ಲ. ದೂರದಿಂದ ಹಣ ಸುರಿದು ಬಂದಿದ್ದ ಅಭಿಮಾನಿಗಳೇ ತಮ್ಮ ತಂಡವನ್ನು ಹೀಯಾಳಿಸಿದರು. ಸ್ಲೊವೇನಿಯವನ್ನು 1-0ರಿಂದ ಸೋಲಿಸಿ ಇಂಗ್ಲೆಂಡ್ ಗುಂಪನ್ನು ದಾಟಿತೇನೋ ನಿಜ. ಆದರೆ ಅದೇ ಹೊತ್ತಿಗೆ ಪ್ರಿಟೋರಿಯದಲ್ಲಿ ತೊಂಬತ್ತು ನಿಮಿಷ ಕಳೆದ ಮೇಲೆ ಲ್ಯಾಂಡನ್ ಡಾನವನ್ ಅಲ್ಜೀರಿಯದ ಮೇಲೆ ಹೊಡೆದ ಗೋಲು ಅಮೆರಿಕವನ್ನು ಮೊದಲ ಸ್ಥಾನಕ್ಕೇರಿಸಿತು. ಇಬ್ಬರಿಗೂ ಐದೈದು ಅಂಕ. ಹೆಚ್ಚು ಗೋಲು ಹೊಡೆದವರು ಅಮೆರಿಕದವರು.

ಎರಡನೆಯ ಸ್ಥಾನಕ್ಕಿಳಿದವರಿಗೆ ಎದುರಾದದ್ದು ಜರ್ಮನಿ. ಜೂನ್ 27ರಂದು ಬ್ಲೂಮ್‌ಫಾಂಟೈನಿನಲ್ಲಿ ಇಂಗ್ಲೆಂಡ್ 4-1ರಿಂದ ಸೋತು ಮನೆಯ ದಾರಿ ಹಿಡಿಯಿತು. ‘ಸುಲಭ’ವಾದ ಗುಂಪಿನಲ್ಲಿ ಕೈಬಿಟ್ಟ ಒಂದೆರಡು ಗೋಲುಗಳ ಬೆಲೆ ಅದು.

ನಾಲ್ಕು ವರ್ಷ ಕಳೆಯಿತು. 2013ರ ಡಿಸೆಂಬರ್ 6ರಂದು ಬ್ರೆಜಿಲಿನ ಬಾಹಿಯ ಪ್ರಾಂತದಲ್ಲಿ ಮತ್ತೆ ಚೀಟಿ ಎತ್ತಿದರು. ಈ ಬಾರಿ ಇಂಗ್ಲೆಂಡಿನ ಜೊತೆಗೆ ಬಂದವರು ಉರುಗ್ವೆ, ಇಟಲಿ ಮತ್ತು ಕೋಸ್ಟ ರಿಕ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಗ್ರೆಗ್ ಡೈಕ್ ಸಭೆಯಲ್ಲಿ ಕುಳಿತಿದ್ದಂತೆಯೇ ತಮ್ಮ ಕತ್ತಿನ ಮೇಲೆ ಬೆರಳನ್ನು ಅಡ್ಡಲಾಗಿ ಎಳೆದುಕೊಂಡರು. ಟೆಲಿವಿಷನ್ ಕ್ಯಾಮೆರಾ ಅದನ್ನು ಲೋಕಕ್ಕೆಲ್ಲ ತೋರಿಸಿತು. ಇದು ಸಾಲದೆಂಬಂತೆ ಇಟಲಿಯೊಡನೆ ಪಂದ್ಯ ನಿಗದಿಯಾದದ್ದು ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದಲ್ಲಿ. ಆ ಊರಿನ ಸೆಕೆಯಲ್ಲಿ ಆಡುವುದು ಕಷ್ಟವೆಂದು ತರಬೇತುದಾರ ರಾಯ್ ಹಾಡ್ಜ್‌ಸನ್ ಮೊದಲೇ ಹೇಳಿ, ಅಲ್ಲಿನ ನಗರಾಧ್ಯಕ್ಷರ ಕೋಪಕ್ಕೆ ಗುರಿಯಾಗಿದ್ದರು. ಬೇಡವೆಂದದ್ದೇ ಎಲೆಗೆ ಬಡಿಸಿದಂತಾಯಿತು.

ಪತ್ರಿಕೆಗಳಿಗೆ ಹಬ್ಬ. ಬಲಶಾಲಿಗಳೇ ಒಂದೆಡೆ ಸೇರಿದಾಗ ಅದನ್ನು ‘ಸಾವಿನ ಗುಂಪು’ ಎಂದು ಕರೆಯುವುದು ವಾಡಿಕೆ. 1970ರಲ್ಲಿ ಮೆಕ್ಸಿಕೊದ ಪತ್ರಕರ್ತರು ಬಳಕೆಗೆ ತಂದ ಮಾತೆಂದು ಹೇಳುತ್ತಾರೆ. ಇಟಲಿ ನಾಲ್ಕು ಸಲ, ಉರುಗ್ವೆ ಎರಡು ಸಲ, ಇಂಗ್ಲೆಂಡ್ ಒಂದು ಸಲ ವಿಶ್ವಕಪ್ ಗೆದ್ದಿದ್ದವರು. ಒಂದೇ ಗುಂಪಿನಲ್ಲಿ ಏಳು ಕಿರೀಟಗಳು! ಮುಂದಕ್ಕೆ ಹೋಗುವವರು ಇಬ್ಬರೇ. ಮೂವರಲ್ಲಿ ಸಾಯುವವರು ಯಾರು?

ಆ ಚಳಿಗಾಲದಲ್ಲಿ ಇಂಗ್ಲೆಂಡಿನ ಪಾನಗೃಹಗಳಲ್ಲಿಯೂ ಊಟದ ಮೇಜುಗಳಲ್ಲಿಯೂ ನಡೆದ ವಾದವನ್ನು ಊಹಿಸುವುದು ಕಷ್ಟವಲ್ಲ. ಅಭಿಮಾನಿಗಳು ಎಲ್ಲಿದ್ದರೂ ಒಂದೇ ಜಾತಿಯವರು. ಮೊದಲನೆಯವನು ಇತಿಹಾಸದವನು. “ಇಟಲಿ ವಿಶ್ವಕಪ್ಪಿನಲ್ಲಿ ಹೇಗೆ ಆಡುತ್ತದೆಂಬುದು ಗೊತ್ತೇ ಇದೆ, ಉಳಿದ ಒಂದು ಸ್ಥಾನಕ್ಕೆ ಮಾತ್ರ ಚರ್ಚೆ” ಎಂಬುದು ಅವನ ವಾದ. ಎರಡನೆಯವನು ಲೆಕ್ಕದವನು. “ಇಟಲಿಯೊಡನೆ ಸಮ ಮಾಡಿಕೊಂಡರೆ ಒಂದು ಅಂಕ, ಕೋಸ್ಟ ರಿಕದಿಂದ ಮೂರು. ಅಲ್ಲಿಗೆ ನಾಲ್ಕಾಯಿತು. ಉರುಗ್ವೆಯೊಡನೆ ಸೋಲದಿದ್ದರೆ ಸಾಕು” ಎಂದು ಅವನು ಪೆನ್ಸಿಲ್ ಹಿಡಿದು ಕೂಡಿಸುತ್ತಾನೆ. ಮೂರನೆಯವನು ನಿರಾಶಾವಾದಿ. “ಲೂಯಿಸ್ ಸುವಾರೆಜ್ ಇರುವ ಉರುಗ್ವೆಯನ್ನು ನಿಲ್ಲಿಸುವವರು ಯಾರು? ಕೋಸ್ಟ ರಿಕವನ್ನು ಗೆದ್ದು ಗೌರವದಿಂದ ಮನೆಗೆ ಬರೋಣ” ಎಂದು ನಿಟ್ಟುಸಿರುಬಿಡುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ ಮೂವರೂ ಮೂರು ದಿಕ್ಕು. ಆದರೆ ಒಂದು ಮಾತಿನಲ್ಲಿ ಮಾತ್ರ ಮೂವರಿಗೂ ಒಮ್ಮತ: ಕೋಸ್ಟ ರಿಕದ ಮೂರು ಅಂಕಗಳನ್ನು ಮೂವರೂ ಜೇಬಿಗಿಳಿಸಿಯಾಗಿತ್ತು.

ಇಂಥ ಸಭೆಯಲ್ಲಿ ನಾಲ್ಕನೆಯವನೊಬ್ಬ ಮೂಲೆಯಲ್ಲಿರುವುದುಂಟು. ಅವನು ಹಳೆಯ ಮಾತು ತೆಗೆಯುತ್ತಾನೆ. 1950ರಲ್ಲಿ ಇದೇ ಬ್ರೆಜಿಲಿನ ಬೆಲೊ ಹೊರಿಜಾಂಟೆ ನಗರದಲ್ಲಿ ಇಂಗ್ಲೆಂಡನ್ನು 1-0ರಿಂದ ಸೋಲಿಸಿದವರು, ಫುಟ್‌ಬಾಲಿನಲ್ಲಿ ಯಾರೂ ಲೆಕ್ಕಕ್ಕಿಡದ ಅಮೆರಿಕದವರಲ್ಲವೇ? 1966ರಲ್ಲಿ ಮಿಡಲ್ಸ್‌ಬರೊ ಪಟ್ಟಣದಲ್ಲಿ ಉತ್ತರ ಕೊರಿಯದ ಪಾಕ್ ದೂ ಇಕ್ ಹೊಡೆದ ಒಂದೇ ಗೋಲಿಗೆ ಇಟಲಿ ಮನೆಗೆ ಹೋಗಲಿಲ್ಲವೇ? ಊರಿಗೆ ಮರಳಿದ ಇಟಲಿಯ ಆಟಗಾರರನ್ನು ಅವರದೇ ಜನ ಕೊಳೆತ ಹಣ್ಣು ತೂರಿ ಎದುರುಗೊಳ್ಳಲಿಲ್ಲವೇ? ಇದೇ ಕೋಸ್ಟ ರಿಕ 1990ರಲ್ಲಿ ತನ್ನ ಮೊದಲ ವಿಶ್ವಕಪ್ಪಿನಲ್ಲಿಯೇ ಸ್ಕಾಟ್ಲೆಂಡನ್ನೂ ಸ್ವೀಡನ್ನನ್ನೂ ಸೋಲಿಸಿರಲಿಲ್ಲವೇ? ಉಳಿದವರು ನಗುತ್ತಾರೆ. ಹಳೆಯ ಕಥೆ ಹೇಳುವವನಿಗೆ ಕಾಫಿಯೋ ಬಿಯರೋ ತರಿಸಿಕೊಟ್ಟು ಮತ್ತೆ ಇಟಲಿ-ಉರುಗ್ವೆಯ ಮಾತಿಗೆ ಮರಳುತ್ತಾರೆ.

ಕೋಸ್ಟ ರಿಕ ಮಧ್ಯ ಅಮೆರಿಕದ ಪುಟ್ಟ ದೇಶ. ಜನಸಂಖ್ಯೆ ಸುಮಾರು ಅರ್ಧ ಕೋಟಿ. ಬೆಂಗಳೂರು ನಗರವೊಂದರ ಜನಕ್ಕಿಂತಲೂ ಕಡಮೆ. 1948ರಲ್ಲಿಯೇ ತನ್ನ ಸೈನ್ಯವನ್ನು ವಿಸರ್ಜಿಸಿದ ನಾಡು ಅದು. 2014ರ ಜೂನ್ 14ರಂದು ಫೋರ್ಟಲೇಜದಲ್ಲಿ ಅದು ಉರುಗ್ವೆಯ ಎದುರು ಇಳಿಯಿತು. ಪೆನಾಲ್ಟಿಯಿಂದ ಉರುಗ್ವೆ ಮೊದಲು ಗೋಲು ಗಳಿಸಿದಾಗ ಎಲ್ಲವೂ ಪತ್ರಿಕೆಗಳು ಬರೆದಂತೆಯೇ ನಡೆಯುತ್ತಿದ್ದಿತು. ವಿರಾಮದ ನಂತರ ಜೋಯೆಲ್ ಕ್ಯಾಂಪ್‌ಬೆಲ್, ಆಸ್ಕರ್ ಡುವಾರ್ಟೆ, ಮಾರ್ಕೊ ಉರೇನ್ಯ ಒಬ್ಬರಾದ ಮೇಲೊಬ್ಬರು ಗೋಲು ಹೊಡೆದರು. 3-1! ಅದೇ ದಿನ ಮನೌಸಿನಲ್ಲಿ ಇಟಲಿ 2-1ರಿಂದ ಇಂಗ್ಲೆಂಡನ್ನು ಗೆದ್ದಿತು. ಐದು ದಿನಗಳ ನಂತರ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಇನ್ನೂ ತಿಂಗಳು ತುಂಬದಿದ್ದ ಸುವಾರೆಜ್ ಎರಡು ಗೋಲು ಹೊಡೆದು ಇಂಗ್ಲೆಂಡನ್ನು ಮತ್ತೆ 2-1ರಿಂದ ಕೆಡವಿದ. ನಿರಾಶಾವಾದಿಯ ಭವಿಷ್ಯ ಒಂದು ಕಣ್ಣಿನಷ್ಟು ನಿಜವಾಯಿತು.

ಆಗ ಲೆಕ್ಕದವನ ಪೆನ್ಸಿಲ್ ಮತ್ತೆ ಹೊರಬಂದಿತು. ಇಟಲಿ ಕೋಸ್ಟ ರಿಕವನ್ನು ಸೋಲಿಸಿದರೆ ಇಂಗ್ಲೆಂಡಿಗೆ ಇನ್ನೂ ಒಂದು ಎಳೆ ಉಳಿಯುತ್ತಿತ್ತು. ವಾರದ ಹಿಂದೆ ಇಟಲಿಯನ್ನು ಶಪಿಸಿದ ನಾಲಗೆಗಳೇ ಇಟಲಿಯ ಗೆಲುವಿಗೆ ಪ್ರಾರ್ಥಿಸಿದುವು. ಇಟಲಿಯ ಮಾರಿಯೊ ಬಲೊಟೆಲಿ, ಗೆದ್ದುಕೊಟ್ಟರೆ ಇಂಗ್ಲೆಂಡಿನ ರಾಣಿ ತನ್ನ ಕೆನ್ನೆಗೆ ಮುತ್ತು ಕೊಡಬೇಕೆಂದು ತಮಾಷೆಯಾಗಿ ಬೇಡಿಕೆಯನ್ನೂ ಇಟ್ಟ. ಜೂನ್ 20ರಂದು, ಭಾರತದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ರೆಸಿಫೆ ನಗರದಲ್ಲಿ ಪಂದ್ಯ ಮೊದಲಾಯಿತು. ಇಟಲಿಯ ಮುಂಚೂಣಿಯವರು ಮತ್ತೆ ಮತ್ತೆ ಆಫ್‌ಸೈಡ್ ಬಲೆಯಲ್ಲಿ ಬಿದ್ದರು. ವಿರಾಮಕ್ಕೆ ಒಂದು ನಿಮಿಷವಿದ್ದಾಗ ಬ್ರಯಾನ್ ರುಯಿಜ್ ತಲೆಯಿಂದ ಹೊಡೆದ ಚೆಂಡು ಮೇಲಿನ ಪಟ್ಟಿಗೆ ತಾಕಿ ಗೆರೆಯ ಒಳಕ್ಕೆ ಬಿದ್ದಿತು. ಕೋಸ್ಟ ರಿಕ 1-0. ಮೂರನೆಯ ಪಂದ್ಯವನ್ನು ಆಡುವ ಮೊದಲೇ ಇಂಗ್ಲೆಂಡ್ ಪಂದ್ಯಾವಳಿಯಿಂದ ಹೊರಬಿದ್ದಿತ್ತು. 1958ರ ನಂತರ ಅದು ವಿಶ್ವಕಪ್ಪಿನ ಗುಂಪಿನಲ್ಲಿಯೇ ಮುಗ್ಗರಿಸಿದ್ದು ಅದೇ ಮೊದಲು.

ಪತ್ರಿಕೆಗಳು ಎಡವಿದ್ದು ಎಲ್ಲಿ? ಬರೆದವರು ದಡ್ಡರೇನೂ ಅಲ್ಲ. ಗುಂಪೊಂದರಲ್ಲಿ ಆರು ಪಂದ್ಯ. ಪ್ರತಿಯೊಂದಕ್ಕೂ ಗೆಲುವು, ಸೋಲು, ಸಮವೆಂಬ ಮೂರು ದಾರಿ. ಎಲ್ಲವನ್ನೂ ಗುಣಿಸಿದರೆ 729 ಬಗೆಗಳಾಗುತ್ತವೆ. ಅದರ ಮೇಲೆ ಗೋಲುಗಳ ಲೆಕ್ಕ ಬೇರೆ. ಕ್ರಿಕೆಟ್ಟಿನಲ್ಲಿ ದೊಡ್ಡ ತಂಡ ಒಂದು ಗಂಟೆ ತಪ್ಪಿದರೂ ಮುಂದೆ ಸುಧಾರಿಸಿಕೊಳ್ಳಲು ನೂರಾರು ಓಟಗಳ ಅವಕಾಶವುಂಟು. ಫುಟ್‌ಬಾಲಿನಲ್ಲಿ ಒಂದೂವರೆ ಗಂಟೆಗೆ ಒಂದೋ ಎರಡೋ ಗೋಲು. ಗ್ರೀನನ ಕೈ ಜಾರಿದ್ದೂ ಒಂದು ಗೋಲೇ, ರುಯಿಜನ ತಲೆಗೆ ತಾಗಿದ್ದೂ ಒಂದು ಗೋಲೇ. ಮೂರೇ ಪಂದ್ಯಗಳಲ್ಲಿ ಎಲ್ಲವೂ ತೀರ್ಮಾನವಾಗುವಾಗ ದೊಡ್ಡವರ ದೊಡ್ಡತನ ಹೊರಬರುವುದಕ್ಕೆ ವ್ಯವಧಾನವಿರುವುದಿಲ್ಲ.

ಇದು ಅದೃಷ್ಟದ ಮಾತಾಯಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಪತ್ರಿಕೆಗಳು ಹೆಸರುಗಳನ್ನು ಓದಿದುವು, ಆಟವನ್ನು ಓದಲಿಲ್ಲ. ಕೋಸ್ಟ ರಿಕದ ತರಬೇತುದಾರ, ಕೊಲಂಬಿಯದ ಹೋರ್ಹೆ ಲೂಯಿಸ್ ಪಿಂಟೊ, ಐದು ಮಂದಿಯನ್ನು ಹಿಂದೆ ನಿಲ್ಲಿಸಿ, ಒಬ್ಬರೊಡನೊಬ್ಬರು ಹೆಜ್ಜೆ ತಪ್ಪದಂತೆ ಮುಂದಕ್ಕೂ ಹಿಂದಕ್ಕೂ ಸರಿಯುವ ಕೋಟೆಯೊಂದನ್ನು ಕಟ್ಟಿದ್ದರು. ಅದರ ಹಿಂದೆ ಕೇಲರ್ ನವಾಸ್‌ನಂಥ ಗೋಲ್‌ಕೀಪರ್ ಇದ್ದ. ಗುಂಪಿನಲ್ಲಿ ಏಳು ಅಂಕಗಳೊಡನೆ ಮೊದಲನೆಯವರಾಗಿ ಬಂದ ಅವರು, ಮುಂದೆ ಗ್ರೀಸನ್ನು ಪೆನಾಲ್ಟಿಗಳಲ್ಲಿ ಗೆದ್ದು, ಎಂಟರ ಘಟ್ಟದಲ್ಲಿ ಹಾಲೆಂಡಿಗೆ ಪೆನಾಲ್ಟಿಗಳಲ್ಲಿಯೇ ಸೋತರು. ಐದು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು ಎರಡೇ ಗೋಲು. ಇದು ಆಕಸ್ಮಿಕದ ಲಕ್ಷಣವಲ್ಲ. ‘ಈಸಿ’ ಎಂಬ ಶಿರೋನಾಮೆಯೂ ‘ಸಾವು’ ಎಂಬ ಶಿರೋನಾಮೆಯೂ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಒಳಗೆ ಎರಡೂ ಒಂದೇ. ಚಿಕ್ಕ ಹೆಸರಿನವರು ಆಡುವುದಕ್ಕೆ ಬರುವುದಿಲ್ಲ, ಅಂಕ ಕೊಡುವುದಕ್ಕೆ ಬರುತ್ತಾರೆ ಎಂಬುದೇ ಎರಡರ ನಂಬಿಕೆ.

ಹಾಗೆಂದು ಮೂಲೆಯ ನಾಲ್ಕನೆಯವನೂ ಮೀಸೆ ತಿರುವುವಂತಿಲ್ಲ. 2022ರಲ್ಲಿ ಕತಾರಿನಲ್ಲಿ ಕೋಸ್ಟ ರಿಕದ ಪಾಲಿಗೆ ಸ್ಪೇನ್, ಜರ್ಮನಿ, ಜಪಾನ್ ಬಂದುವು. ಹಳೆಯ ಪವಾಡವನ್ನು ನೆನೆದು ಪಣ ಕಟ್ಟಿದವರ ಕಣ್ಣೆದುರಿಗೆ ಸ್ಪೇನ್ ಏಳು ಗೋಲು ಹೊಡೆಯಿತು. ಅದೇ ದಿನ ಜಪಾನ್ ಜರ್ಮನಿಯನ್ನು ಸೋಲಿಸಿತು. ಸರಿ, ಜಪಾನಿನೆದುರು ಕೋಸ್ಟ ರಿಕಕ್ಕೆ ಉಳಿಗಾಲವಿಲ್ಲವೆಂದು ಎಲ್ಲರೂ ತೀರ್ಪುಕೊಟ್ಟರು. ನಾಲ್ಕು ದಿನಗಳ ನಂತರ ಜಪಾನನ್ನು 1-0ರಿಂದ ಸೋಲಿಸಿದ್ದು ಅದೇ ಕೋಸ್ಟ ರಿಕ! ಕೊನೆಗೆ ಗುಂಪಿನ ಮೊದಲ ಸ್ಥಾನ ಜಪಾನಿಗೆ. ಮನೆಗೆ ಹೋದವರು ಕೋಸ್ಟ ರಿಕದವರು ಮತ್ತು ಜರ್ಮನಿಯವರು. ದೊಡ್ಡವರೇ ಗೆಲ್ಲುವರೆಂಬುದು ಒಂದು ಪಂಚಾಂಗವಾದರೆ, ಚಿಕ್ಕವರೇ ಗೆಲ್ಲುವರೆಂಬುದು ಇನ್ನೊಂದು ಪಂಚಾಂಗ, ಅಷ್ಟೆ.

ಇಷ್ಟೆಲ್ಲ ಕಂಡರೂ ಅಭಿಮಾನಿ ಭವಿಷ್ಯ ಓದುವುದನ್ನು ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಮಗಳ ಮದುವೆ ಗೊತ್ತಾದ ದಿನದಿಂದ ಮುಹೂರ್ತದವರೆಗೆ ಮನೆಯಲ್ಲಿ ನಡೆಯುವ ಮಾತುಕತೆಯಲ್ಲಿ ಒಂದು ಸಂಭ್ರಮವಿದೆಯಷ್ಟೆ? ಚೀಟಿ ಎತ್ತಿದ ದಿನದಿಂದ ಮೊದಲ ಪಂದ್ಯದವರೆಗಿನ ವಾದದಲ್ಲಿಯೂ ಅದೇ ಸಂಭ್ರಮ. ಆಟ ತೊಂಬತ್ತು ನಿಮಿಷದ್ದು, ಆಸೆ ತಿಂಗಳುಗಟ್ಟಲೆಯದು. ವಾದದಲ್ಲಿ ನಾಲ್ಕನೆಯ ತಂಡಕ್ಕೂ ಒಂದು ಕುರ್ಚಿ ಹಾಕಿದರೆ ಸಂಭ್ರಮವೇನೂ ಕಡಮೆಯಾಗದು.

2014ರ ಜೂನ್ 24ರ ಮಧ್ಯಾಹ್ನ ಆ ಕುರ್ಚಿಯ ನೆನಪು ಇಂಗ್ಲೆಂಡಿನವರಿಗೆ ಆಗಿರಲೇಬೇಕು. ತಂಡದ ಕೊನೆಯ ಪಂದ್ಯ ಕೋಸ್ಟ ರಿಕದೊಡನೆ. ಊರು, 1950ರ ಆ ಸೋಲನ್ನು ಕಂಡಿದ್ದ ಬೆಲೊ ಹೊರಿಜಾಂಟೆಯೇ. ಇಡೀ ಗುಂಪಿನಲ್ಲಿ ಗೆಲುವು ಖಚಿತವೆಂದು ಎಲ್ಲರೂ ಎಣಿಸಿದ್ದು ಈ ಒಂದು ಪಂದ್ಯವನ್ನು. ತಿಂಗಳುಗಳ ಮೊದಲೇ ಟಿಕೆಟ್ ಕೊಂಡು, ಸಾಗರ ದಾಟಿ ಬಂದು ಕುಳಿತವರು ಸಾವಿರಾರು ಮಂದಿ. ಅವರ ತಂಡದ ಬಳಿ ಒಂದೂ ಅಂಕವಿರಲಿಲ್ಲ. ಎದುರಿಗಿದ್ದವರು ಆಗಲೇ ಮುಂದಿನ ಸುತ್ತನ್ನು ಸೇರಿಯಾಗಿತ್ತು. ಪಂದ್ಯ ಗೋಲಿಲ್ಲದೆ ಸಮವಾಯಿತು. ಇಂಗ್ಲೆಂಡಿಗೆ ಆ ಪಂದ್ಯಾವಳಿಯಲ್ಲಿ ದಕ್ಕಿದ ಒಂದೇ ಒಂದು ಅಂಕ ಕೋಸ್ಟ ರಿಕದಿಂದಲೇ ಬಂದಿತು. ಮೂರು ಬರುವುದೆಂದು ಬರೆದಿದ್ದರು, ಒಂದು ಬಂದಿತು.