ಬೆಟ್ಟದ ಮೇಲಿನ ಬಾಯಾರಿಕೆ

ಬೆಟ್ಟಗಾಡಿನ ಯುದ್ಧವೆಂದೊಡನೆ ಬಂಡೆಯ ಮರೆ, ಕಣಿವೆಯ ಇಕ್ಕಟ್ಟು, ಮೇಲಿನಿಂದ ಉರುಳಿಬರುವ ಕಲ್ಲು ಇವೇ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಬೆಟ್ಟವು ಕೋಟೆಯಾಗಿ ತನ್ನ ಮಕ್ಕಳನ್ನು ಕಾಯಿತೆಂದು ಬರೆದುಬಿಡುವುದು ಬಲು ಸುಲಭ. ನಾನೂ ಹಾಗೆ ನಂಬಿದ್ದವನೇ. ಮೊರಾಕ್ಕೋದ ಉತ್ತರಭಾಗದ ರಿಫ್ ಬೆಟ್ಟಗಳಲ್ಲಿ 1921ರಲ್ಲಿ ನಡೆದುದನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು.

1912ರಲ್ಲಿ ಫ್ರಾನ್ಸೂ ಸ್ಪೇನೂ ಮೊರಾಕ್ಕೋವನ್ನು ಹಂಚಿಕೊಂಡವು. ಆ ಹಂಚಿಕೆಗೆ ‘ರಕ್ಷಣೆ’ಯೆಂಬ ಸೌಮ್ಯವಾದ ಹೆಸರನ್ನಿಟ್ಟವು. ರಿಫ್ ಸ್ಪೇನಿನ ಪಾಲಿಗೆ ಬಂದಿತು. ಜನರಲ್ ಸಿಲ್ವೆಸ್ತ್ರೆ ಮೆಲಿಲ್ಲಾ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟವನು, ಕಡಲ ಕೊಲ್ಲಿಯೊಂದನ್ನು ಬೇಗ ಮುಟ್ಟುವ ಆತುರದಲ್ಲಿ, ಗುಡ್ಡದ ನೆತ್ತಿಗಳ ಮೇಲೆಲ್ಲ ನೂರಕ್ಕೂ ಹೆಚ್ಚು ಸಣ್ಣ ಠಾಣೆಗಳನ್ನು ಚೆಲ್ಲಿಕೊಂಡು ಹೋದನು. ಎತ್ತರವಿದ್ದಲ್ಲಿ ಬಲವಿದೆಯೆಂಬುದು ಯುದ್ಧಶಾಸ್ತ್ರದ ಪಾಠ. ಆದರೆ ಆ ನೆತ್ತಿಗಳ ಮೇಲೆ ನೀರಿರಲಿಲ್ಲ. ನೀರು ಕೆಳಗಿನ ಕಣಿವೆಯಿಂದ ಹೇಸರಗತ್ತೆಗಳ ಬೆನ್ನೇರಿ ಬರಬೇಕು.

ಇದನ್ನು ಸರಿಯಾಗಿ ಓದಿಕೊಂಡವನು ಅಬ್ದ್ ಅಲ್ ಕರೀಂ. ಆತ ಕಾಡಿನಿಂದ ಎದ್ದುಬಂದ ಬಂಡುಕೋರನಲ್ಲ. ಫೆಜ್ ನಗರದಲ್ಲಿ ಶಾಸ್ತ್ರಾಧ್ಯಯನ ಮಾಡಿದವನು. ಮೆಲಿಲ್ಲಾದಲ್ಲಿ ಉಪಾಧ್ಯಾಯನಾಗಿ, ಸ್ಪೇನಿನವರದೇ ಪತ್ರಿಕೆಯೊಂದಕ್ಕೆ ಅರಬ್ಬಿಯಲ್ಲಿ ಅಂಕಣ ಬರೆದು, ಕೊನೆಗೆ ಅವರ ಆಡಳಿತದಲ್ಲಿಯೇ ನ್ಯಾಯಾಧಿಪತಿಯಾಗಿದ್ದವನು. ಅವರೇ ಆತನನ್ನು ಸೆರೆಯಲ್ಲಿಟ್ಟರು. ಗೋಡೆ ಹಾರಿ ತಪ್ಪಿಸಿಕೊಳ್ಳಲು ಹೋಗಿ ಕಾಲು ಮುರಿದುಕೊಂಡು ಜೀವಮಾನವೆಲ್ಲ ಕುಂಟಿದನು. (ಪತ್ರಿಕೆಗೆ ಬರೆಯುವ ನಮ್ಮಂಥವರು ಇದನ್ನು ಓದಿ ತುಸು ಬೀಗಿದರೆ ವಾಚಕರು ಕ್ಷಮಿಸಬೇಕು.)

ಜುಲೈ ತಿಂಗಳ ಬಿಸಿಲಿನಲ್ಲಿ ಇಗೆರಿಬೆನ್ ಎಂಬ ಠಾಣೆಗೆ ರಿಫ್ ಜನರು ಮುತ್ತಿಗೆ ಹಾಕಿದರು. ಗೋಡೆಯನ್ನು ಒಡೆಯುವ ಅವಸರ ಅವರಿಗಿರಲಿಲ್ಲ. ನೀರಿನ ದಾರಿಯನ್ನು ಬಂದೂಕಿನ ಗುರಿಯಲ್ಲಿಟ್ಟುಕೊಂಡು ಕಾದರು. ಕೆಲವೇ ಕಿಲೋಮೀಟರು ದೂರದ ಅನ್ವಾಲ್ ಶಿಬಿರದಿಂದ ಹೊರಟ ನೀರು ಮೇಲಕ್ಕೆ ತಲಪಲಿಲ್ಲ. ಒಳಗಿನ ಸೈನಿಕರು ಡಬ್ಬಿಗಳಲ್ಲಿದ್ದ ತರಕಾರಿಯ ರಸವನ್ನು ಕುಡಿದರು. ಅದು ಮುಗಿದ ಮೇಲೆ ವಿನಿಗರ್, ಸುಗಂಧದ್ರವ್ಯ, ಶಾಯಿ. ಕೊನೆಗೆ ಸಕ್ಕರೆ ಬೆರೆಸಿದ ತಮ್ಮ ಮೂತ್ರ. 21ರಂದು ಠಾಣೆ ಬಿದ್ದಿತು. ಮರುದಿನ ಅನ್ವಾಲಿನಿಂದ ಹಿಮ್ಮೆಟ್ಟಲು ಹೊರಟ ಸೈನ್ಯ ಚೆಲ್ಲಾಪಿಲ್ಲಿಯಾಗಿ ಓಡಿತು. ಸಿಲ್ವೆಸ್ತ್ರೆ ಅಲ್ಲಿಯೇ ಸತ್ತನು. ಆ ಕೆಲವೇ ವಾರಗಳಲ್ಲಿ ಸ್ಪೇನಿನ ಪಕ್ಷದಲ್ಲಿ ಸತ್ತವರು 8 ಸಾವಿರಕ್ಕೂ ಹೆಚ್ಚು.

ಯಾರು ಇವರು? ಬಹುಪಾಲು ಸ್ಪೇನಿನ ಬಡ ರೈತರ ಮಕ್ಕಳು. ಹಣ ತೆತ್ತವರಿಗೆ ಸೈನ್ಯಸೇವೆಯ ಅವಧಿಯನ್ನು ತಗ್ಗಿಸುವ ಕಾನೂನು ಆ ದೇಶದಲ್ಲಿತ್ತು. ಮೊರಾಕ್ಕೋದಲ್ಲಿ ಸೈನಿಕನಾಗಿದ್ದ ರಾಮೋನ್ ಸೆಂದೆರ್ 1930ರಲ್ಲಿ ಪ್ರಕಟಿಸಿದ ‘ಇಮಾನ್’ ಕಾದಂಬರಿಯ ಹುರುಳು ಇಂಥ ಒಬ್ಬ ಸಾಮಾನ್ಯ ಸೈನಿಕನ ಸಂಕಟ. ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಆಗಸ್ಟ್ 9ರಂದು ಮೋಂತೆ ಅರ್ರುಯಿತ್ ಠಾಣೆ, ಅದೂ ಬಾಯಾರಿ ಬಸವಳಿದು, ಶರಣಾಯಿತು. ಆಯುಧ ಕೆಳಗಿಟ್ಟವರನ್ನು ಗುಂಪುಗುಂಪಾಗಿ ಕೊಂದರು. ನ್ಯಾಯ ರಿಫ್ ಜನರ ಕಡೆಗಿತ್ತೆಂದು ನಾನು ದೃಢವಾಗಿ ನಂಬುತ್ತೇನೆ. ಈ ಕೊಲೆಗೆ ಆ ನ್ಯಾಯದಲ್ಲಿ ಎಡೆ ಸಿಕ್ಕದು.

ಸ್ಪೇನ್ ಉತ್ತರಕೊಟ್ಟದ್ದು ಆಕಾಶದಿಂದ. ಅದರ ವಿಮಾನಗಳು ಹಳ್ಳಿಗಳ ಮೇಲೂ ಸಂತೆಗಳ ಮೇಲೂ ಸಾಸಿವೆ ಅನಿಲದ ಬಾಂಬುಗಳನ್ನು ಸುರಿದವು. ಬಂಡೆಯ ಮರೆ ಗುಂಡಿಗೆ ಸಾಕಾಗುತ್ತಿತ್ತು, ಅನಿಲಕ್ಕೆ ಸಾಲದು. ತಗ್ಗಿನಲ್ಲಿ ಇಳಿದು ನಿಲ್ಲುವುದು ಅದರ ಗುಣ, ಆಶ್ರಯವಿದ್ದುದೂ ತಗ್ಗಿನಲ್ಲಿಯೇ. 1925ರಲ್ಲಿ ಅಬ್ದ್ ಅಲ್ ಕರೀಂ ದಕ್ಷಿಣಕ್ಕೆ ಇಳಿದು ಫ್ರೆಂಚರನ್ನೂ ಕೆಣಕಿದನು. ಎರಡು ಸಾಮ್ರಾಜ್ಯಗಳು ಒಂದಾದವು. 1926ರ ಮೇ 27ರಂದು ಆತ ಫ್ರೆಂಚರಿಗೆ ಶರಣಾದನು.

ಅವರು ಆತನನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿಟ್ಟರು. 1947ರಲ್ಲಿ ಫ್ರಾನ್ಸಿಗೆ ಕರೆದೊಯ್ಯುವ ಹಡಗು ಈಜಿಪ್ಟಿನಲ್ಲಿ ನಿಂತಾಗ ಇಳಿದು ಉಳಿದುಕೊಂಡನು. 1956ರಲ್ಲಿ ಮೊರಾಕ್ಕೋ ಸ್ವತಂತ್ರವಾದ ಮೇಲೂ ಊರಿಗೆ ಮರಳಲಿಲ್ಲ. 1963ರಲ್ಲಿ ಕೈರೋದಲ್ಲಿ ತೀರಿಕೊಂಡನು. ಸಮಾಧಿಯೂ ಅಲ್ಲಿಯೇ ಇದೆ.