ಸಾದೋ ದ್ವೀಪದ ಭೇರೀನಾದ

ಹಿರಿಯನು ಬಿಟ್ಟುಹೋದ ಮನೆಯು ಏತರ ಬಲದಿಂದ ನಿಂತೀತು? ಆಸ್ತಿಯಿಂದಲೋ, ಹೆಸರಿನಿಂದಲೋ, ನಿತ್ಯದ ನಡವಳಿಕೆಯಿಂದಲೋ? ಗೃಹಸ್ಥರಾದ ವಾಚಕರಿಗೆ ಒಂದಲ್ಲ ಒಂದು ದಿನ ಎದುರಾಗುವ ಈ ಪ್ರಶ್ನೆಗೆ ಜಪಾನ್ ದೇಶದ ಒಂದು ವಾದ್ಯಮೇಳದ ವೃತ್ತಾಂತದಲ್ಲಿ ನಮಗೆ ಉತ್ತರ ದೊರೆಯಿತು. ಅದನ್ನು ಈ ತಿಂಗಳು ನಿವೇದಿಸುವೆವು.

ಜಪಾನಿನ ಪಶ್ಚಿಮದ ಕಡಲಿನಲ್ಲಿ ಸಾದೋ ಎಂಬ ದ್ವೀಪವುಂಟು. ಪೂರ್ವಕಾಲದಲ್ಲಿ ಅಧಿಕಾರಸ್ಥರ ಆಗ್ರಹಕ್ಕೆ ಗುರಿಯಾದವರನ್ನು ಅಲ್ಲಿಗೆ ಗಡೀಪಾರು ಮಾಡುತ್ತಿದ್ದರು. 1971ರಲ್ಲಿ ದೆನ್ ತಗಾಯಸು ಎಂಬವರು ಕೆಲವು ಮಂದಿ ತರುಣರನ್ನು ಈ ದ್ವೀಪದಲ್ಲಿ ಕೂಡಿಸಿ ಒಂದೆಕೋಜ ಎಂಬ ಭೇರೀಮೇಳವನ್ನು ಕಟ್ಟಿದರು. ಭೇರಿಯಿಂದ ಹಣವನ್ನು ಸಂಪಾದಿಸಿ, ಕೈಕಸಬುಗಳನ್ನು ಕಲಿಸುವ ವಿದ್ಯಾಪೀಠವೊಂದನ್ನು ಸ್ಥಾಪಿಸಬೇಕೆಂಬುದು ಅವರ ಸಂಕಲ್ಪ. ಶಿಷ್ಯರು ಒಟ್ಟಿಗೆ ವಾಸಿಸಿ, ದಿನವೂ ಬಹುದೂರ ಓಡಿ, ಬಳಿಕ ಕೋಲು ಹಿಡಿಯುತ್ತಿದ್ದರು. 1975ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ 26 ಮೈಲಿಗಳ ಮ್ಯಾರಥಾನ್ ಓಟವನ್ನು ಮುಗಿಸಿ, ಆ ಕೂಡಲೇ ಭೇರಿಯನ್ನು ಬಾರಿಸಿದರು.

ಆದರೆ ಹತ್ತು ವರ್ಷ ತುಂಬುವಷ್ಟರಲ್ಲಿ ಒಮ್ಮತವು ಮುರಿಯಿತು. 1981ರಲ್ಲಿ ದೆನ್ ಅವರು ದ್ವೀಪವನ್ನು ಬಿಟ್ಟರು. ಮೇಳದ ಹೆಸರೂ ಅವರೊಡನೆ ಹೋಯಿತು. ಉಳಿದ ಶಿಷ್ಯರು ಚದರಲಿಲ್ಲ. ಪ್ರಮುಖ ವಾದಕರಾದ ಹಯಾಶಿ ಎಯಿತೆತ್ಸು ಅವರು ಸೂಚಿಸಿದಂತೆ ಕೊದೋ ಎಂದು ಹೆಸರಿಟ್ಟುಕೊಂಡು, ಅದೇ ವರ್ಷ ಬರ್ಲಿನ್ ನಗರದ ಉತ್ಸವದಲ್ಲಿ ಮೊದಲ ಕಛೇರಿಯನ್ನು ನಡೆಸಿದರು. ಈ ಹೆಸರು ಶ್ಲೇಷಾಲಂಕಾರಕ್ಕೆ ಒಳ್ಳೆಯ ಉದಾಹರಣೆ. ಕಿವಿಗೆ ಕೇಳಿದರೆ ಹೃದಯದ ಬಡಿತವೆಂದು ಅರ್ಥ. ಬರೆದ ಅಕ್ಷರಗಳನ್ನು ನೋಡಿದರೆ ಭೇರಿಯ ಮಕ್ಕಳೆಂದು ಅರ್ಥ. ಗರ್ಭದಲ್ಲಿರುವ ಶಿಶುವು ಕೇಳುವ ಮೊದಲ ತಾಳವು ತಾಯಿಯ ಎದೆಬಡಿತವೇ ಎಂಬುದು ಅವರ ಭಾವ.

ಪರೀಕ್ಷೆಯು ಅಲ್ಲಿಗೆ ಮುಗಿಯಲಿಲ್ಲ. ಹೆಸರನ್ನು ಸೂಚಿಸಿದ ಹಯಾಶಿಯವರೇ ಮರುವರ್ಷ ಸ್ವತಂತ್ರ ವಾದಕರಾಗಿ ಹೊರಟರು. ಮುಂದಾಳಾಗಿದ್ದ ಕವಾಉಚಿ ತೊಶಿಯೊ ಅವರು, ಮೇಳಕ್ಕೊಂದು ಗ್ರಾಮವನ್ನು ಕಟ್ಟಬೇಕೆಂದು ಹಂಬಲಿಸುತ್ತಿದ್ದಾಗಲೇ, 1987ರಲ್ಲಿ ಅಕಾಲಮೃತ್ಯುವಿಗೆ ಈಡಾದರು. 1988ರಲ್ಲಿ ಆ ಗ್ರಾಮವು ಎದ್ದು ನಿಂತಿತು. ದೇಶದೇಶದ ಕಲಾವಿದರನ್ನು ದ್ವೀಪಕ್ಕೆ ಬರಮಾಡಿಕೊಳ್ಳುವ ಉತ್ಸವವೂ ಅದೇ ವರ್ಷ ಆರಂಭವಾಯಿತು. ಮೇಳವು ಈವರೆಗೆ 50ಕ್ಕೂ ಮಿಕ್ಕ ದೇಶಗಳಲ್ಲಿ ಕಛೇರಿ ಮಾಡಿರುವುದು.

ಇದರ ಗುಟ್ಟು ಅವರ ಶಿಕ್ಷಣಕ್ರಮದಲ್ಲಿದೆ. ಮೇಳವನ್ನು ಸೇರಬಯಸುವವರು ಹಳೆಯ ಶಾಲೆಯೊಂದರ ಕಟ್ಟಡದಲ್ಲಿ ಎರಡು ವರ್ಷ ವಾಸಿಸತಕ್ಕದ್ದು. ಮಕ್ಕಳಿಲ್ಲದೆ ಬರಿದಾಗಿದ್ದ ಶಾಲೆಗೆ ಮತ್ತೆ ಶಿಷ್ಯರು ಬಂದರೆಂಬುದನ್ನು ತಿಳಿದು, ಉಪಾಧ್ಯಾಯರಾಗಿದ್ದ ನಮಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅಲ್ಲಿ ಭೇರಿಯೊಂದೇ ಪಾಠವಲ್ಲ. ಬತ್ತವನ್ನು ಬೆಳೆಯುವುದು, ಅಡಿಗೆ ಮಾಡುವುದು, ನೆಲವನ್ನು ಒರಸುವುದು, ಉಣ್ಣುವುದಕ್ಕೆ ಬೇಕಾದ ಕಡ್ಡಿಗಳನ್ನು ತಾವೇ ಕೆತ್ತಿಕೊಳ್ಳುವುದು, ಇವೆಲ್ಲವೂ ಪಾಠವೇ. ಇಷ್ಟಾದರೂ ಎಲ್ಲರೂ ಆಯ್ಕೆಯಾಗುವುದಿಲ್ಲ.

ದೆನ್ ಅವರೂ ಸುಮ್ಮನೆ ಕುಳಿತವರಲ್ಲ. 2001ರಲ್ಲಿ ಕಾಲವಾಗುವವರೆಗೆ ಹಳೆಯ ಹೆಸರಿನಲ್ಲಿಯೇ ಹೊಸ ಶಿಷ್ಯರನ್ನು ತಯಾರು ಮಾಡಿದರು. ಒಂದು ಮನೆಯು ಎರಡಾಯಿತು. ಎರಡರಲ್ಲಿಯೂ ನಾದವು ನಿಲ್ಲಲಿಲ್ಲ.

ನಮ್ಮ ಮನೆಗಳು ಪಾಲಾಗುವಾಗ ಪಾತ್ರೆಪಡಗಗಳನ್ನು ಎಣಿಸುವೆವು, ಹಿತ್ತಿಲನ್ನು ಅಳೆಯುವೆವು, ಮನೆತನದ ಹೆಸರಿಗಾಗಿ ಕಾದಾಡುವೆವು. ಬೆಳಿಗ್ಗೆ ಏಳುವ ಹೊತ್ತು, ಕೂಡಿ ಉಣ್ಣುವ ಪದ್ಧತಿ, ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡದ ಹಟ, ಇವನ್ನು ಯಾರೂ ವಿಭಾಗಪತ್ರದಲ್ಲಿ ಬರೆಯುವುದಿಲ್ಲ. ಆದರೆ ಮಕ್ಕಳು ಹೊಸ ಮನೆಗೆ ಹೊತ್ತು ನಡೆಯುವ ಆಸ್ತಿ ಇದೇ. ಎಷ್ಟು ಪಾಲು ಮಾಡಿದರೂ ಇದೊಂದು ಕಡಮೆಯಾಗುವುದಿಲ್ಲ.